ನಮ್ಮನ್ನೇ ಹಿಂದೆ ಹಾಕಿದ ಗಾಲಿ

ಒಂದು ಗಾಲಿ ನಮ್ಮ ಅಂಬಾಸಿಡರ್ ಕಾರನ್ನು ಹಿಂದೆ ಹಾಕಿ ಮುಂದೆ ಓಡಿತು. “ಯಾರದೋ ಗಾಲಿ ಕಳಚೇತಿ ನೋಡ್ರಿ” ಎಂದು ನನ್ನ ಮಾವ ನಗುವಷ್ಟರಲ್ಲಿ ನಮ್ಮ ಕಾರೇ ಎಡಕ್ಕೆ ವಾಲಿ, ರಸ್ತೆ ಕೆರೆಯುತ್ತ ನಿಂತಿತು.

ಎಪ್ಪತ್ತರ ದಶಕದ ಮಾತು. ಇಳಕಲ್‌ನಲ್ಲಿ ಮದುವೆ ಮುಗಿದು ಗಂಡನ ಊರು ಗುಡೂರಿಗೆ ಹೊರಟಿದ್ದೆ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗಾಲಿಯ ನಟ್ಟು ಒಂದೂ ಇರಲಿಲ್ಲ. ಬೆಳಿಗ್ಗೆ ಪಂಕ್ಚರ್ ಹಾಕಿಸಿದ ಮೇಲೆ ಬಿಗಿ ಮಾಡುವುದನ್ನೇ ಮರೆತ ಡ್ರೈವರ್ ತಲೆ ಹಿಡಿದು ಕುಳಿತ.

ಆಗ ಹಿಂದಿನಿಂದ ಕುರಿ ಕಾಯುವ ಅಜ್ಜಿಯೊಬ್ಬಳು ಏದುಸಿರು ಬಿಡುತ್ತ ಬಂದು, ಉಡಿಯಿಂದ ನಾಲ್ಕು ನಟ್ಟು ತೆಗೆದು ಕೊಟ್ಟಳು.

“ಒಂದೊಂದ ಬೀಳಿಸ್ಕೋತ ಹೊಂಟಿದ್ರಿ. ನಿಲ್ರಿ ಅಂತ ಕೈ ಮಾಡಿದ್ರ, ನೀವೂ ನಕ್ಕೋತ ಕೈ ಮಾಡಿ ಹೋದ್ರಲ್ಲ” ಎಂದಳು.

ಖರೆ. ಮದುಮಕ್ಕಳನ್ನು ನೋಡಿ ಖುಷಿಪಟ್ಟಿದ್ದಾಳೆಂದು ಕಾರಿನಲ್ಲಿದ್ದವರೆಲ್ಲ ಅವಳಿಗೆ ಕೈ ಬೀಸಿದ್ದೆವು. ಮೊದಲು ಮಾವ ನಕ್ಕರು, ಆಮೇಲೆ ಡ್ರೈವರ್. ಸೆರಗು ಬಾಯಿಗೆ ಒತ್ತಿಕೊಂಡರೂ ನನ್ನ ನಗು ನಿಲ್ಲಲಿಲ್ಲ.

ಅಲ್ಲಿಯವರೆಗೆ ನಾನು ತಲೆ ಎತ್ತಿ ಗಂಡನ ಮುಖ ನೋಡಿರಲಿಲ್ಲ. ಅಂದು ನೋಡಿದೆ: ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು. ಇವರೊಂದಿಗೆ ಬಾಳಬಹುದು ಅನ್ನಿಸಿತು.