ಹಾಜರಿ ಹೊತ್ತಿಗೆ ಒತ್ತಿದ ಮೊಣಕಾಲು

ಇವತ್ತು ವಾಡಿ ಸ್ಟೇಷನ್ನಿನಲ್ಲಿ ಇಬ್ಬರು ಹುಡುಗಿಯರು ಕೈಸನ್ನೆಯಲ್ಲೇ ಮಾತಾಡುತ್ತ ನಗುತ್ತಿದ್ದರು. ನನ್ನ ಪಕ್ಕದಲ್ಲಿ ತಂಗಿ ಸುಶೀಲಾ ನಿಂತಿದ್ದಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು.

ನಾವು ಚಿಕ್ಕವರಿದ್ದಾಗ ಅವಳನ್ನು ಕಲಬುರಗಿಯ ಕಿವುಡ ಮಕ್ಕಳ ಶಾಲೆಗೆ ಹಾಕಬೇಕೆಂದು ಅಪ್ಪ ಹೊಸ ಟ್ರಂಕು ತಂದಿಟ್ಟಿದ್ದ. ಅವ್ವ ಅದರಲ್ಲಿ ಜೋಳ ತುಂಬಿಬಿಟ್ಟಳು.

"ಇಷ್ಟು ಸಣ್ಣ ಕೂಸಿಗಿ ಹಾಸ್ಟೆಲ್ ಬ್ಯಾಡ್ರಿ. ಅಕ್ಕನ ಬಾಜೂಕ ಕುಂತು ಇಲ್ಲೇ ಕಲೀತದ."

ನಮ್ಮೂರ ಶಾಲೆಯಲ್ಲಿ ಮೂರು ತರಗತಿಯವರೂ ತಣ್ಣನೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಒಟ್ಟಿಗೇ ಕೂರುತ್ತಿದ್ದೆವು. ಹಾಜರಿಯಲ್ಲಿ ಸುಶೀಲಾಳ ಹೆಸರು ಬಂದ ಕೂಡಲೇ ನಾನು ಅವಳ ಮೊಣಕಾಲು ಒತ್ತುತ್ತಿದ್ದೆ. ಅವಳು ಎದ್ದು ಕೈ ಎತ್ತುತ್ತಿದ್ದಳು.

ಒಂದು ದಿನ ಅಪ್ಪ ವಿಚಾರಿಸಲು ಬಂದ.

"ಹೆಸರು ಕರದ್ರ ಏಳ್ತಾಳ್ರಿ. ಸ್ವಲ್ಪ ಕೇಳಸ್ತದ. ಇಲ್ಲೇ ಇರಲಿ," ಎಂದರು ಮಾಸ್ತರರು.

ಅಪ್ಪನ ಮುಖ ಅರಳಿತು. ಮೊಣಕಾಲು ಒತ್ತುವುದನ್ನು ನಾನು ಹೇಳಲಿಲ್ಲ. ಅವಳು ಹೋದರೆ ರಾತ್ರಿ ಹೊದೆಯುವ ಕೌದಿಯೊಳಗೆ ನಾನೊಬ್ಬಳೇ ಆಗುತ್ತಿದ್ದೆ. ಟ್ರಂಕಿನ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ. ಸುಶೀಲಾ ನಮ್ಮೂರ ಶಾಲೆಯಲ್ಲಿ ಕಲಿತದ್ದು ಎದ್ದು ನಿಲ್ಲುವುದೊಂದೇ.

ರೈಲು ಬಂತು. ಆ ಹುಡುಗಿಯರ ಕೈಗಳನ್ನೇ ನೋಡುತ್ತಿದ್ದ ಸುಶೀಲಾ ನನ್ನ ತೋಳು ಹಿಡಿದು, ಅವರು ಏನು ಮಾತಾಡುತ್ತಿದ್ದಾರೆ ಎಂದು ಹುಬ್ಬೇರಿಸಿ ಕೇಳಿದಳು.

ನನಗೂ ಗೊತ್ತಿರಲಿಲ್ಲ.