ಗಲ್ಲಾಪೆಟ್ಟಿಗೆ ಖಾಲಿಯಾದಾಗ ದ್ಯಾಮವ್ವ ನಡೆಸಿಕೊಟ್ಟ ಬಗೆ

ದ್ಯಾಮವ್ವ ತಾಯಿಯನ್ನು ನಂಬಿದ ಎಲ್ಲರಿಗೂ ಗೋಪನಕೊಪ್ಪದ ನೀಲವ್ವನ ಶರಣು. ನಾನು ಕನ್ನಡ ನಾಲ್ಕನೆಯ ಇಯತ್ತೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಮಹಾಯುದ್ಧ ಶುರುವಾಗುವ ಹಿಂದಿನ ಬೇಸಗೆಯ ಮಾತು. ನನ್ನ ಯಜಮಾನರು ಹುಬ್ಬಳ್ಳಿಯಲ್ಲಿ ಸಣ್ಣದೊಂದು ಗೋಲಿ ಸೋಡಾ ಕಾರ್ಖಾನೆ ಇಟ್ಟಿದ್ದರು. ಯುಗಾದಿ ಮುಗಿದ ವಾರದಲ್ಲೇ ಅವರಿಗೆ ವಿಷಮಜ್ವರ ಬಂತು. ಮೈ ಕೆಂಡವಾಯಿತು, ಮಾತು ತಪ್ಪಿತು, ನನ್ನ ಗುರುತೂ ಹತ್ತದಂತಾಯಿತು. ಬಾಡಿಗೆ ಮೋಟಾರಿನಲ್ಲಿ ಮಲಗಿಸಿಕೊಂಡು ಧಾರವಾಡದ ದವಾಖಾನೆಗೆ ಒಯ್ದೆವು. ನವಲೂರು ದಾಟುವಾಗ ಅವರ ತಲೆ ನನ್ನ ತೊಡೆಯಿಂದ ಜಾರಿತು. ಜೀವ ಹೋಯಿತೆಂದು ನಾನು ಚೀರಿಬಿಟ್ಟೆ.

ಡಾಕ್ಟರ್ ಸಾಹೇಬರು ನಾಡಿ ನೋಡಿ, "ಜ್ವರ ಇಳಿಯೂತನಕ ಏನೂ ಹೇಳಾಕ ಬರೂದಿಲ್ಲವ್ವ" ಎಂದರು.

ನಾಲ್ಕಾರು ದಿನ ಕಳೆದ ಮೇಲೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ನನ್ನ ಮೈದುನ ಫಕೀರಪ್ಪ ದವಾಖಾನೆಗೆ ಬಂದ. ಅವನ ತುಟಿ ಒಣಗಿದ್ದವು.

"ವೈನಿ, ಗಲ್ಲಾಪೆಟ್ಟಿಗಿ ಬರಿದಾಗೇತಿ. ಅಣ್ಣ ಧಂದೆ ಲುಕ್ಸಾನದಾಗ ನಡಸ್ಯಾನ. ಸಕ್ಕರಿಯವರು, ಗ್ಯಾಸಿನವರು ರೊಕ್ಕಕ್ಕ ಬೆನ್ನು ಹತ್ಯಾರ. ಒಬ್ಬ ಸಾವಕಾರ್ರು ಸಾಲಾ ತೀರಿಸಿ ಕಾರ್ಖಾನಿ ತೊಗೋತೀನಿ ಅಂತಾರ. ಸೋಮವಾರ ಕಾಗದ ಮಾಡಿಬಿಡೂಣು."

"ಖರೇನ ಲುಕ್ಸಾನ ಐತೇನಪಾ?"

"ಗಲ್ಲಾ ಖಾಲಿ ಅಂದಮ್ಯಾಲ ಮತ್ತೇನು ವೈನಿ?"

ಫಕೀರಪ್ಪ ಕೆಟ್ಟವನಲ್ಲ. ನನ್ನಷ್ಟೇ ಹೆದರಿದ್ದ. ಅವನು ಹೋದ ಮೇಲೆ ದವಾಖಾನೆಯ ಪಡಸಾಲೆಯ ಕಂಬ ಹಿಡಿದು ನಿಂತು, "ಅವ್ವಾ, ಇವರು ಹೋದರೆ ನಾನೂ ನನ್ನ ಮಗಳೂ ಯಾರ ಮನೆಯ ಕಸ ಉಡುಗಬೇಕು?" ಎಂದು ಅತ್ತೆ.

ವಾರ್ಡಿನಲ್ಲಿ ನಮ್ಮ ಪಕ್ಕದ ಕಾಟಿನಲ್ಲಿ ಕಾಲು ಮುರಿದುಕೊಂಡ ಒಬ್ಬರಿದ್ದರು. ಹೆಸರು ಇಮಾಮಸಾಬ. ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಹಿರಿಯ ಲೆಕ್ಕಿಗರು. ನಾನು ಒಳಗೆ ಬಂದೊಡನೆ ಕರೆದರು.

"ತಂಗಿ, ಸಿಟ್ಟಾಗಬ್ಯಾಡ, ನಿಮ್ಮ ಮಾತು ಕಿವಿಗಿ ಬಿತ್ತು. ಗಲ್ಲಾ ಖಾಲಿ ಇದ್ದರ ಲುಕ್ಸಾನಂತ ಯಾರು ಹೇಳಿದರು? ರೊಕ್ಕ ಎಲ್ಲಿ ಹೋತು ಅಂತ ನೋಡೀರೇನು?"

"ನನಗ ಲೆಕ್ಕ ಬರೂದಿಲ್ಲರಿ ಅಣ್ಣಾರ."

"ಮನಿ ನಡಸ್ತಿ ಹೌದಿಲ್ಲೊ? ವರ್ಷದ ಜ್ವಾಳ ಕೊಂಡು ಹಗೇವಿಗಿ ಹಾಕಿದ ದಿನಾ ಕೈಯಾಗ ಕಾಸು ಇರೂದಿಲ್ಲ. ಅವತ್ತ ಬಡವಿ ಆದ್ಯೇನು? ಜ್ವಾಳ ಐತಲ್ಲ!"

ಆ ಮಾತು ಎದೆಯಲ್ಲಿ ನಾಟಿತು. ಮಗಳ ಪಾಟಿ, ಬಳಪ ತರಿಸಿಕೊಂಡೆ. ಒಂದು ಕಡೆ ನಮ್ಮದು ಏನೇನಿದೆ, ಇನ್ನೊಂದು ಕಡೆ ನಾವು ಯಾರಿಗೆ ಕೊಡಬೇಕು. ಅಲ್ಲಿಂದ ಪಾಠ ಶುರುವಾಯಿತು. ಆಮೇಲೆ ಒಂದು ಡಜನ್ ಸೋಡಾಕ್ಕೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ. ಸಕ್ಕರೆ, ಗ್ಯಾಸು, ಆಳಿನ ಕೂಲಿ, ಜಾಗದ ಬಾಡಿಗೆ, ಒಡೆದ ಬಾಟಲಿ. "ಮಷೀನನೂ ದಿನಾ ಸವೀತೈತಿ. ಆ ಸವಕಳಿನೂ ಡಜನ್ನಿಗಿ ಒಂಚೂರು ಹಚ್ಚಬೇಕು" ಎನ್ನುತ್ತಿದ್ದರು. ಬರಬೇಕಾದ ಬಾಕಿಯನ್ನು ಕೊಡುವ ಕಡೆ ಬರೆದರೆ, "ನಿನ್ನ ರೊಕ್ಕ ಮಂದಿಗೆ ಕೊಡ್ತೀಯೇನು? ಅಳಿಸು!" ಎಂದು ಗದರುತ್ತಿದ್ದರು.

ಕಲಿತಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು. ತಿಳಿಯದಾಗ ಒಂದು ಆಸೆಯಾದರೂ ಇತ್ತು. ಲೆಕ್ಕ ಹಾಕಿದ ಮೇಲೆ ನಿಜವಾಗಿಯೂ ಮುಳುಗಿದ್ದೇವೆಂದು ಬಂದರೆ?

ಕಾಗದವಾಗುವ ಮುಂಚೆ ಲೆಕ್ಕ ನೋಡಲು ರವಿವಾರ ಕಾರ್ಖಾನೆಗೆ ಹೋಗಲೇಬೇಕಿತ್ತು. ಅವತ್ತೇ ಬೆಳಿಗ್ಗೆ ಯಜಮಾನರಿಗೆ ಜ್ವರ ಏರಿ ಹಲ್ಲು ಕಟಕಟಿಸತೊಡಗಿತು. ಬಿಟ್ಟು ಹೋಗಲಾರೆ, ಹೋಗದೆ ಇರಲಾರೆ. ಗಂಡನ ಆರೈಕೆಗೆ ಬಂದಿದ್ದ ಇಮಾಮಸಾಬರ ಹೆಂಡತಿ ನನ್ನ ಕೈಯಿಂದ ಒದ್ದೆ ಬಟ್ಟೆ ಇಸಕೊಂಡು, "ನಾ ಹಣೀಗಿ ಪಟ್ಟಿ ಹಾಕ್ತೀನಿ. ನೀ ಹೋಗಿ ಬಾ ಯವ್ವಾ" ಎಂದರು.

ಬಸ್ಸಿನ ತುಂಬ ಮಂದಿ. ನನಗೆ ಒಬ್ಬರ ಮುಖವೂ ಕಾಣಿಸಲಿಲ್ಲ. ಇಳಿದವಳೇ ದ್ಯಾಮವ್ವನ ಗುಡಿಗೆ ಓಡಿ ತಾಯಿಯಲ್ಲಿ ಹೂ ಬೇಡಿದೆ. ಹೌದೆನ್ನುವ ಬಲಗಡೆಯ ಹೂ ಬೀಳಲಿಲ್ಲ, ಅಲ್ಲವೆನ್ನುವ ಎಡಗಡೆಯದೂ ಬೀಳಲಿಲ್ಲ. ಪೂಜಾರಪ್ಪ ಮುಖ ತಿರುಗಿಸಿಕೊಂಡ. "ಅವ್ವಾ, ಲೆಕ್ಕ ಹೆಂಗರ ಬರಲಿ, ಕಣ್ಣು ಮುಚ್ಚದಂಗ ನನ್ನ ಗಟ್ಟಿ ಮಾಡು" ಎಂದು ಹೊಸ್ತಿಲಿಗೆ ಹಣೆ ಹಚ್ಚಿ ಎದ್ದೆ. ಹೇಗೆ ನಡೆದೆನೋ ತಿಳಿಯದು, ಕಾಲು ಕಾರ್ಖಾನೆಗೆ ಒಯ್ದವು.

ಫಕೀರಪ್ಪ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಯಜಮಾನರು ಬೇಸಗೆಯ ವ್ಯಾಪಾರಕ್ಕೆಂದು ಹೊಸ ಮಷೀನನ್ನೂ ರಾಶಿ ಬಾಟಲಿಗಳನ್ನೂ ಗಲ್ಲಾದ ರೋಖ ಹಣ ಕೊಟ್ಟು ಕೊಂಡಿದ್ದರು. ಬಾಟಲಿಗಳು ಅಂಗಡಿ ಅಂಗಡಿಗಳಲ್ಲಿದ್ದವು. ಅಂಗಡಿಯವರಿಂದ ಬರಬೇಕಾದ ಬಾಕಿಯೂ ಹಾಗೇ ಉಳಿದಿತ್ತು. ಎರಡೂ ಕಡೆ ಕೂಡಿಸಿದೆ. ನಂಬಿಕೆ ಬರದೆ ಮತ್ತೆ ಕೂಡಿಸಿದೆ. ಕೊಡಬೇಕಾದದ್ದಕ್ಕಿಂತ ನಮ್ಮದೇ ಎಷ್ಟೋ ಹೆಚ್ಚು! ಲುಕ್ಸಾನ ಇದ್ದದ್ದು ಸಿಹಿ ಸೋಡಾದಲ್ಲಿ ಮಾತ್ರ. ಸಕ್ಕರೆಯ ಧಾರಣೆ ಏರಿದರೂ ನಾವು ಹಳೆಯ ದರಕ್ಕೇ ಮಾರುತ್ತಿದ್ದೆವು.

ಫಕೀರಪ್ಪ ನೆಲದ ಮೇಲೆ ಕುಳಿತುಬಿಟ್ಟ. "ವೈನಿ, ನಾಳೆ ನನ್ನ ಕೈಯಾರೆ ಕೊಟ್ಟುಬಿಡತಿದ್ನಲ್ಲ!" ಎಂದು ಮುಖ ಮುಚ್ಚಿಕೊಂಡ.

"ಸಾವಕಾರ್ರಿಗೆ ಮಾರೂದಿಲ್ಲಂತ ಹೇಳು. ಬಾಕಿ ವಸೂಲಿಗಿ ಇವತ್ತ ಹೊಂಡು" ಎಂದು ಹೇಳಿ ಸಂಜೆಯ ಬಸ್ಸು ಹಿಡಿದೆ.

ವಾರ್ಡಿನ ಬಾಗಿಲಿಗೆ ಬಂದಾಗ ಯಜಮಾನರ ಕಾಟಿನ ಸುತ್ತ ಬಿಳಿ ಪರದೆ ಎಳೆದಿದ್ದರು. ಅಂಥ ಪರದೆ ಯಾವಾಗ ಎಳೆಯುತ್ತಾರೆಂದು ಅಷ್ಟು ದಿನದಲ್ಲಿ ನೋಡಿದ್ದೆ. ಗೋಡೆ ಹಿಡಿದು ಕುಸಿದೆ. ತಾಳಿ ಮುಟ್ಟಿಕೊಳ್ಳಲೂ ಧೈರ್ಯವಾಗಲಿಲ್ಲ.

ಇಮಾಮಸಾಬರ ಹೆಂಡತಿ ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಿದರು. "ಹುಚ್ಚಿ, ಬೆವತಾರ! ಜ್ವರಾ ಬಿಟ್ಟೈತಿ! ನರ್ಸಬಾಯಿ ಮೈ ಒರಸಾಕತ್ತಾಳ!"

ಪರದೆ ಸರಿಯಿತು. ಯಜಮಾನರು ಕಣ್ಣು ತೆರೆದು ನನ್ನನ್ನೇ ನೋಡಿದರು. "ನೀಲಾ, ನೀರು" ಎಂದರು.

ಅವರು ಮನೆಗೆ ಬಂದರು. ಜ್ವರದಿಂದ ಕಿವಿ ಮಂದವಾಗಿ ಉಳಿದವು. ಅದಕ್ಕೇ ಅಂಗಡಿಯವರ ಸಂಗಡ ಮಾತು-ಕತೆ, ಲೆಕ್ಕ-ಪತ್ರ ಎಲ್ಲ ಇಂದಿಗೂ ನನ್ನವೇ. ಬಾಕಿ ಬಂದಂತೆ ಸಾಲ ತೀರಿತು. ಸಿಹಿ ಸೋಡಾದ ದರ ಏರಿಸಿದಾಗ ಕೆಲವು ಅಂಗಡಿ ಬಿಟ್ಟುಹೋದವು, ಆದರೂ ಧಂದೆ ಕಾಲೂರಿ ನಿಂತಿತು. ಇಮಾಮಸಾಬರಿಗೆ ಗುರುದಕ್ಷಿಣೆ ಕೊಡಹೋದರೆ, "ನಿಮ್ಮ ದ್ಯಾಮವ್ವ ನನ್ನ ಕಾಲು ಮುರದು ಇಲ್ಲಿ ತಂದು ಹಾಕಿದ್ಲು. ದಕ್ಷಿಣಾ ಆಕೀಗೆ ಕೊಡು" ಎಂದು ನಕ್ಕರು.

ಅವರು ನಗುತ್ತ ಅಂದದ್ದನ್ನು ನಾನು ನಿಜವೆಂದೇ ನಂಬಿದ್ದೇನೆ. ಗುಡಿಯಲ್ಲಿ ಹೂ ಕೊಡದೆ ಸುಮ್ಮನೆ ಕುಳಿತ ತಾಯಿ, ನಾನು ಬೇಡುವ ಮೊದಲೇ ಪಕ್ಕದ ಕಾಟಿನಲ್ಲಿ ಎಚ್ಚರಾಗಿದ್ದಳು. ನಂಬಿದವರೇ, ಹೂ ಬೀಳಲಿಲ್ಲವೆಂದು ಗುಡಿಯಿಂದ ಸೋತು ತಿರುಗಬೇಡಿರಿ. ಅವ್ವನ ಪಾದಕ್ಕೆ ನನ್ನ ಕೋಟಿ ನಮಸ್ಕಾರ.