ಒಂಬತ್ತು ಇಂಚಿನ ತೋಳು

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಮೂವತ್ತೊಂದು ವರ್ಷ ಚಮಚೆಯಿಂದ ಸೊರ್ರೆಂದು ಕಾಫಿ ಎಳೆದು, ಉಗಿದು, ರುಚಿಗೆ ಅಂಕ ಕೊಟ್ಟು ನಿವೃತ್ತರಾದವರು ಯಜ್ಞನಾರಾಯಣ ರಾಯರು. ನಾಲಿಗೆಯ ಖ್ಯಾತಿ ಸಾಲದೆಂದು ಕಿವಿಯ ಖ್ಯಾತಿಗೂ ಕೈಹಾಕಿದ್ದರು. ಭಾನುವಾರ ಸಂಜೆ ಅವರ ಮನೆಯಲ್ಲಿ ಎಲ್‌ಪಿ ರೆಕಾರ್ಡ್ ಕೇಳಲು ನಾಲ್ಕೈದು ಜನ ಸೇರುತ್ತಿದ್ದರು. ಮೊದಲು ಪಿಟೀಲು, ಆಮೇಲೆ ರಾಯರ ವ್ಯಾಖ್ಯಾನ, ಕೊನೆಗೆ ಹೆಂಡತಿ ಅಂಬುಜಮ್ಮನ ಕೋಡುಬಳೆ. ಜನ ಬರುವುದು ಯಾವುದಕ್ಕೆ ಎಂಬ ಸಂಶಯ ರಾಯರಿಗೆ ಎಂದೂ ಬಂದಿರಲಿಲ್ಲ.

ಪ್ಲೇಯರಿನಲ್ಲಿ ಮುಳ್ಳನ್ನು ಹಿಡಿದು ರೆಕಾರ್ಡಿನ ಮೇಲೆ ಸಾಗುವ ತೋಳಿದೆಯಲ್ಲ, ಅದನ್ನು ಆರಿಸಲು ಅವರಿಗೆ ಏಳು ತಿಂಗಳು ಹಿಡಿದಿತ್ತು. ಎಸ್ ಆಕಾರದ್ದೋ, ನೇರದ್ದೋ; ಒಂಬತ್ತು ಇಂಚಿನದೋ, ಹನ್ನೆರಡರದೋ; ಇಲ್ಲಾ ಕಂಬಿಯ ಮೇಲೆ ಸರಿಯುವಂಥದೋ. ತನ್ನನ್ನು ನೋಡಿ ಒಪ್ಪಲು ಇವರು ಅರ್ಧ ಗಂಟೆಯನ್ನೂ ತೆಗೆದುಕೊಂಡಿರಲಿಲ್ಲವೆಂದು ಅಂಬುಜಮ್ಮ ನೆನಪಿಸಿದ್ದುಂಟು. ಕೊನೆಗೆ ಒಂಬತ್ತು ಇಂಚಿನ ನೇರ ತೋಳು ಬಂತು. ತೋಳು ಹಗುರ; ಸೊಟ್ಟಗಾದ ರೆಕಾರ್ಡಿನ ಮೇಲೂ ಹಿಡಿತ ಬಿಡದು.

ಅಷ್ಟರಲ್ಲಿ ಭಾನುವಾರದ ಗುಂಪಿನವನೇ ಆದ ವಸ್ತಾರೆಯ ಪ್ಲಾಂಟರ್ ಚನ್ನಕೇಶವ ಹನ್ನೆರಡು ಇಂಚಿನದನ್ನು ತರಿಸಿದ. ಅದೇ ಏಕೆಂದು ಕೇಳಿದರೆ, "ಉದ್ದ ಇದ್ರೆ ನೋಡಕ್ಕೆ ಚೆಂದ ಅಲ್ವಾ ಯಜ್ಞಣ್ಣ" ಎಂದ.

ಮುಂದಿನ ಭಾನುವಾರ ಕೋಡುಬಳೆ ಹಾಗೇ ಉಳಿಯಿತು.

ವಾರ ಕಳೆದು ಹಳೆಯ ಗೆಳೆಯ ಸುಬ್ಬಣ್ಣ ಪೇಟೆಯಲ್ಲಿ ಸಿಕ್ಕ. "ಚನ್ನಕೇಶವನ ಮನೇಲಿ ಪಿಟೀಲು ಎದುರಿಗೇ ಕೂತು ನುಡಿಸ್ದಂಗೆ ಕೇಳ್ತದೆ ಮಾರಾಯ್ರೇ. ನೀವೂ ಒಂದ್ಸಲ ಬನ್ನಿ" ಎಂದ. ಇಷ್ಟು ವರ್ಷ ತಮ್ಮ ಮನೆಯಲ್ಲಿ ಪಿಟೀಲು ಎಲ್ಲಿ ಕೂತಿತ್ತು ಎಂದು ಯೋಚಿಸಿ ರಾಯರಿಗೆ ಅನ್ನ ಸೇರಲಿಲ್ಲ. ತೋಳು ಉದ್ದವಾದಷ್ಟೂ ಮುಳ್ಳು ಗೆರೆಯಲ್ಲಿ ಓರೆಯಾಗುವುದು ಕಡಿಮೆ ಎಂದು ಅವರೂ ಓದಿದ್ದರು. ಓದಿದ್ದೆಲ್ಲ ಹೊಟ್ಟೆಯಲ್ಲಿ ಉರಿಯುತ್ತಿತ್ತು.

"ಕಪ್ ಟೆಸ್ಟ್ ಮಾಡೇ ಬಿಡಾಣ" ಎಂದರು. ಕ್ಯೂರಿಂಗಿನಲ್ಲಿ ಯಾವ ಎಸ್ಟೇಟಿನ ಕಾಫಿ ಎಂಬ ಗುರುತು ಬಟ್ಟಲಿನ ತಳದಲ್ಲಿರುತ್ತದೆ. ಅಂಕ ಬರೆದ ಮೇಲೆಯೇ ಎತ್ತಿ ನೋಡಬೇಕು. ಹಾಗೆಯೇ ಯಾವ ತೋಳೆಂದು ನೋಡದೆ ಕೇಳಿ ರಾಯರು ತೀರ್ಪು ಬರೆಯುವುದು, ಗೆದ್ದ ತೋಳಿನವರ ಮನೆಯಲ್ಲೇ ಇನ್ನು ಭಾನುವಾರ ಎಂದು ಮಾತಾಯಿತು. ರಾಯರು ತಮ್ಮ ಪ್ಲೇಯರನ್ನು ಹಸುಗೂಸಿನಂತೆ ಕಂಬಳಿಯಲ್ಲಿ ಸುತ್ತಿ ವಸ್ತಾರೆಗೆ ಒಯ್ದರು. ಒಂದೇ ಬಗೆಯ ಮುಳ್ಳು, ಒಂದೇ ಆಂಪ್ಲಿಫೈಯರ್, ಒಂದೇ ರೆಕಾರ್ಡ್. ಪರದೆಯ ಹಿಂದೆ ಎರಡೂ ಪ್ಲೇಯರ್ ನಡೆಸಲು ಅಂಬುಜಮ್ಮ, ಮುಂದೆ ಹಾಳೆ ಪೆನ್ನು ಹಿಡಿದ ರಾಯರು.

ಮೊದಲನೆಯದಕ್ಕೆ, "ಕೊನೆಯಲ್ಲಿ ಒರಟು, ಹುರಿದದ್ದು ಹೆಚ್ಚಾದ ಹಾಗೆ" ಎಂದು ಬರೆದರು. ಎರಡನೆಯದಕ್ಕೆ, "ಬಾಯಿ ತುಂಬುವ ಗಟ್ಟಿತನ, ಸ್ವಚ್ಛ. ಇದು ನನ್ನದು."

"ಬರ್ದಾಯ್ತಾ? ಆಮೇಲೆ ತಿದ್ದೋ ಹಾಗಿಲ್ಲ" ಎಂದಳು ಅಂಬುಜಮ್ಮ.

"ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ತಿದ್ದಿಲ್ಲ ಕಣೇ."

ಪರದೆ ಸರಿಯಿತು. ಎರಡನೆಯದು ಹನ್ನೆರಡು ಇಂಚಿನದು.

ಸುಬ್ಬಣ್ಣ ಕಿಟಕಿಯಾಚೆಗೆ ನೋಡತೊಡಗಿದ. ಚನ್ನಕೇಶವನೇ ಸಂಕೋಚಪಟ್ಟು, "ನಿಜ ಹೇಳ್ತೀನಿ ಯಜ್ಞಣ್ಣ, ನಂಗೆ ಎರಡೂ ಒಂದೇ ಥರ ಕೇಳ್ತು" ಎಂದ.

ಸಮಾಧಾನಕ್ಕೆ ಆಡಿದ ಮಾತು. ಆದರೆ ರಾಯರ ಉರಿಗೆ ತುಪ್ಪ ಬಿದ್ದಂತಾಯಿತು. ಅಂಥ ತೋಳು ಇಂಥ ಕಿವಿಯವನ ಮನೆಯಲ್ಲಿ. ಎದ್ದು ಹೋಗಿ ಅದರ ಮುಂದೆ ಬಗ್ಗಿ, "ಮುಳ್ಳು ಹದವಾಗಿ ಒತ್ತೋ ಹಾಗೆ ಇದರ ಹಿಂತುದಿಯ ತೂಕ ಹೊಂದಿಸಿದ್ದು ಯಾರು?" ಎಂದು ಕೇಳಿದರು.

"ತಂದುಕೊಟ್ಟೋರು ಕೂರಿಸಿ ಹೋದ್ರು. ಅದಕ್ಕೆ ತೂಕ ಬೇರೆ ಇದ್ಯಾ?"

"ಇನ್ನು ಯಾರೂ ಇದನ್ನ ಮುಟ್ಟೋದು ಬೇಡ. ವಾರವಾರ ನಾನೇ ಬರ್ತೀನಿ."

ಈಗ ಪ್ರತಿ ಭಾನುವಾರ ವಸ್ತಾರೆಯಲ್ಲಿ ಮುಳ್ಳು ಇಳಿಸುವವರು ರಾಯರೇ. ಉಳಿದ ಆರು ದಿನ ಚನ್ನಕೇಶವ ತನ್ನ ಪ್ಲೇಯರನ್ನು ತಾನೇ ಕದ್ದು ಮುಟ್ಟುತ್ತಾನೇನೋ ಎಂಬ ಸಂಕಟ ಮಾತ್ರ ಅವರನ್ನು ಬಿಟ್ಟಿಲ್ಲ.